ಮನೆಯ ಹೊಸ್ತಿಲು, ನ್ಯಾಯಾಲಯದ ಮೆಟ್ಟಿಲು

ಸದ್ಭಕ್ತರೇ, ಮಠದ ಪ್ರಸಾದನಿಲಯದಲ್ಲಿ ಉಂಡು, ಮಠದ ಶಾಲೆಯಲ್ಲಿ ಅಕ್ಷರ ಕಲಿತು, ಇಂದು ನಾಡಿನ ನಾನಾ ಮೂಲೆಗಳಲ್ಲಿ ನೆಲೆ ಕಂಡಿರುವ ಹಳೆಯ ವಿದ್ಯಾರ್ಥಿ ಬಂಧುಗಳೇ,

ಯಾವುದೇ ಒಂದು ಸೋಮವಾರ ಬೆಳಿಗ್ಗೆ ಕಮಲಾಪುರದಲ್ಲಿ ಬಸ್ಸಿಗಾಗಿ ಕಾಯುವವರ ನಡುವೆ ಒಂದು ಗಳಿಗೆ ನಿಂತು ನೋಡಿರಿ. ಹುಮನಾಬಾದಿನ ಕಡೆಯಿಂದ ಬಂದು ಕಲಬುರಗಿಗೆ ಸಾಗುವ ಬಸ್ಸನ್ನು ಹತ್ತುವವರಲ್ಲಿ ಕಾಲೇಜಿನ ಮಕ್ಕಳಿರುತ್ತಾರೆ, ಆಸ್ಪತ್ರೆಗೆ ಹೊರಟವರಿರುತ್ತಾರೆ, ಬಜಾರಿನ ಕೆಲಸಕ್ಕೆ ಹೊರಟವರಿರುತ್ತಾರೆ. ಅವರ ನಡುವೆ ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿ, ಕಂಕುಳಲ್ಲಿ ಒಂದು ಬಟ್ಟೆಯ ಚೀಲವನ್ನು ಅವುಚಿಕೊಂಡ ಹಿರಿಯನೊಬ್ಬನೂ ಇರುತ್ತಾನೆ. ಆ ಚೀಲದಲ್ಲಿ ಈ ಸೀಮೆಗೆ ಹೆಸರು ತಂದ ಕೆಂಪು ಬಾಳೆಯಿಲ್ಲ, ಅಡತಿ ಅಂಗಡಿಗೆ ತೋರಿಸಬೇಕಾದ ತೊಗರಿಯ ಕಾಳಿಲ್ಲ. ಅದರಲ್ಲಿರುವುದು ನಾಲ್ಕು ಜೋಳದ ರೊಟ್ಟಿ ಮತ್ತು ದಾರದಿಂದ ಕಟ್ಟಿದ ಕಾಗದಗಳ ಒಂದು ಗಂಟು. ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ, "ಕೋರ್ಟಿನಾಗ ತಾರೀಖ ಅದರೀ" ಎನ್ನುತ್ತಾನೆ. ಯಾರ ಮೇಲೆ ದಾವೆ ಎಂದು ಕೇಳಿದರೆ ಮಾತ್ರ ಉತ್ತರ ಬೇಗನೆ ಬರುವುದಿಲ್ಲ. ತಲೆ ತಗ್ಗುತ್ತದೆ. ಏಕೆಂದರೆ ಎದುರುಗಡೆ ಇರುವವನು ಒಡಹುಟ್ಟಿದ ತಮ್ಮ. ಅದೇ ಬಸ್ಸಿನ ಹಿಂದಿನ ಆಸನದಲ್ಲಿ ಇನ್ನೊಂದು ಚೀಲ ಹಿಡಿದು ಆತನೂ ಕುಳಿತಿರಬಹುದು.

ಆ ತಗ್ಗಿದ ತಲೆಯೇ ಈ ಲೇಖನದ ವಿಷಯ. ಕಾಲ ಕೆಟ್ಟಿತೆಂದು ಗೊಣಗುವುದು ಸುಲಭ. ಕಾಲವನ್ನು ಕೆಡಿಸಿದವರಲ್ಲಿ ನಾವೂ ಇದ್ದೇವೆಂದು ಒಪ್ಪಿಕೊಳ್ಳುವುದು ಕಷ್ಟ. ಈ ಕಷ್ಟದ ಕೆಲಸವನ್ನೇ ಇಂದು ನಾವು ನೀವು ಕೂಡಿ ಮಾಡೋಣ. ನಾನು ಹೇಳಲಿರುವುದು ಇಷ್ಟೇ: ನ್ಯಾಯಾಲಯವು ಧರ್ಮದ ಕೊನೆಯ ಬಾಗಿಲೇ ಹೊರತು ಮೊದಲನೆಯದಲ್ಲ. ಮನೆಯ ಹೊಸ್ತಿಲಲ್ಲಿ, ಶಾಸನಸಭೆಯ ಅಂಗಳದಲ್ಲಿ, ಮಠದ ಗದ್ದುಗೆಯ ಮುಂದೆ ಮುಗಿಯಬೇಕಾದ ಕರ್ತವ್ಯಗಳನ್ನು ನಾವು ಮಾಡದೆ ಬಿಟ್ಟು, ಅವನ್ನೆಲ್ಲ ನ್ಯಾಯಾಲಯದ ಮೆಟ್ಟಿಲ ಮೇಲೆ ಹೊರೆಯಾಗಿ ಇಳಿಸಿದ್ದೇವೆ. ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹಿಡಿಸದವರು ಕೊನೆಯವರೆಗೆ ಓದಿ, ಆಮೇಲೆ ಬಯ್ಯಲಿ.

ಮೊದಲು ನಮ್ಮ ಸೀಮೆಯ ಪೂರ್ವವೃತ್ತಾಂತವನ್ನು ನೆನೆಯುವುದು ಯುಕ್ತ. ನಿಜಾಮನ ಆಳಿಕೆಯಲ್ಲಿ ನಮ್ಮ ಹಿರಿಯರಿಗೆ ಉಚ್ಚ ನ್ಯಾಯಾಲಯವೆಂದರೆ ಹೈದರಾಬಾದು. ಕಚೇರಿಯ ಭಾಷೆಯೆಂದರೆ ಉರ್ದು. ತನ್ನ ಹೊಲದ ಕಾಗದವನ್ನು ಓದಿಸಿಕೊಳ್ಳಲು ರೈತನು ಮುನ್ಷಿಯ ಮುಂದೆ ಕೈಮುಗಿದು ನಿಲ್ಲಬೇಕಾಗಿತ್ತು. 1948ರ ಸೆಪ್ಟೆಂಬರ್ 17ರಂದು ಆ ಆಳಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ನಾವು ಕನ್ನಡನಾಡನ್ನು ಸೇರಿದೆವು. ಭಾಷೆಯ ದೂರ ಕಡಿಮೆಯಾಯಿತು, ನೆಲದ ದೂರ ಹೆಚ್ಚಿತು. ಬೆಂಗಳೂರಿನ ಉಚ್ಚ ನ್ಯಾಯಾಲಯವು ಕಲಬುರಗಿಯಿಂದ ಸುಮಾರು ಆರುನೂರು ಕಿಲೋಮೀಟರು. ಒಂದು ಮೇಲ್ಮನವಿಯ ಸಲುವಾಗಿ ರಾತ್ರಿಯಿಡೀ ರೈಲಿನಲ್ಲಿ ಕುಳಿತು ಹೋಗಿ, ಛತ್ರದಲ್ಲಿ ತಂಗಿ, "ಮುಂದಿನ ವಾರ" ಎಂಬ ಎರಡು ಶಬ್ದಗಳನ್ನು ಕೇಳಿಕೊಂಡು ಮರಳಿದವರ ಬವಣೆಯನ್ನು ಹಿರಿಯ ಭಕ್ತರು ಬಲ್ಲರು.

ಆದಕಾರಣವೇ ಈ ಭಾಗದ ವಕೀಲರೂ ನಾಗರಿಕರೂ ಉಚ್ಚ ನ್ಯಾಯಾಲಯದ ಪೀಠಕ್ಕಾಗಿ ವರ್ಷಾನುಗಟ್ಟಲೆ ಹೋರಾಡಿದರು. 2008ರ ಜುಲೈಯಲ್ಲಿ ಸಂಚಾರಿ ಪೀಠವು ಕಲಬುರಗಿಗೆ ಬಂದಿತು. 2013ರ ಆಗಸ್ಟ್ ಕೊನೆಗೆ ಅದು ಕಾಯಂ ಪೀಠವಾಯಿತು. ಕಲಬುರಗಿ, ಬೀದರ, ರಾಯಚೂರು, ಯಾದಗಿರಿ, ವಿಜಯಪುರ ಜಿಲ್ಲೆಗಳ ವ್ಯಾಜ್ಯಗಳು ಇಲ್ಲಿಯೇ ನಡೆಯುವಂತಾಯಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯು ದೊರಕಿತು. ಕಲಬುರಗಿ ತಾಲ್ಲೂಕಿನ ಭಾಗವಾಗಿದ್ದ ಕಮಲಾಪುರವು 2017ರ ರಾಜ್ಯ ಆಯವ್ಯಯದಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿ ತನ್ನದೇ ತಹಸೀಲು ಕಚೇರಿಯನ್ನು ಪಡೆಯಿತು. 2019ರಲ್ಲಿ ನಮ್ಮ ಸೀಮೆಯ ಹೆಸರೇ ಕಲ್ಯಾಣ ಕರ್ನಾಟಕವೆಂದಾಯಿತು. ಇವೆಲ್ಲ ಹರ್ಷದ ಸಂಗತಿಗಳು. ಇವನ್ನು ಗಳಿಸಿಕೊಟ್ಟ ಹಿರಿಯರಿಗೆ ಈ ಲೇಖಕನ ನಮಸ್ಕಾರಗಳು ಸಲ್ಲುತ್ತವೆ.

ಆದರೆ ವಾಚಕರೇ, ಬಾಗಿಲು ಹತ್ತಿರ ಬಂದಿತಲ್ಲ, ಆ ಬಾಗಿಲೊಳಗೆ ನಾವು ಹೊತ್ತೊಯ್ದದ್ದಾದರೂ ಏನು? ಆಳುವವರ ಅನ್ಯಾಯವನ್ನೇ? ದುರ್ಬಲನ ಮೇಲಿನ ದಬ್ಬಾಳಿಕೆಯನ್ನೇ? ಅವೂ ಇವೆ, ನಿಜ. ಆದರೆ ಅವುಗಳ ಜೊತೆಗೆ ನಾವು ಹೊತ್ತೊಯ್ದದ್ದು ಅಣ್ಣತಮ್ಮಂದಿರ ಬದುವಿನ ಜಗಳ, ತಂದೆಯ ಹೆಬ್ಬೆಟ್ಟಿನ ಮೇಲಿನ ಸಂಶಯ, ತಂಗಿಯ ಪಾಲಿನ ತಕರಾರು, ದಾಯಾದಿಗಳ ಬಾವಿಯ ನೀರಿನ ಸರದಿ. ಹೆಸರು ಕಲ್ಯಾಣವಾಯಿತು, ಮನೆಯೊಳಗಿನ ಕಲ್ಯಾಣ ಎಲ್ಲಿಗೆ ಹೋಯಿತು?

ಪಾಲಿನ ದಾವೆಯೊಂದರ ನಡೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದರ ಒಳದಾರಿಗಳನ್ನು ಬಲ್ಲವರೇ ಕಡಿಮೆ. ಅಣ್ಣನು ಕಲಬುರಗಿಯ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುತ್ತಾನೆ. ತಮ್ಮನಿಗೆ ಸಮನ್ಸು ಹೋಗಬೇಕು, ಕೈಫಿಯತ್ತು ಬರಬೇಕು, ವಿವಾದಾಂಶಗಳು ರೂಪುಗೊಳ್ಳಬೇಕು, ಸಾಕ್ಷಿಗಳು ನಡೆಯಬೇಕು, ವಾದ ಮುಗಿಯಬೇಕು. ಇಷ್ಟೆಲ್ಲ ಆದ ಮೇಲೆ ಕೈಗೆ ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟನೆಯ ಪಾಲು ಎಂದಷ್ಟೇ ಅದು ಹೇಳುತ್ತದೆ. ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂದು ಹೇಳುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿಯ ಕಾರ್ಯಕಲಾಪ ಬೇರೆ ನಡೆಯಬೇಕು. ಕಂದಾಯದ ಜಮೀನಾದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೆಯ ಪ್ರಕರಣದ ಮೇರೆಗೆ ಹೊಲವನ್ನು ಅಳೆದು ಹಂಚುವ ಕೆಲಸ ಕಂದಾಯ ಅಧಿಕಾರಿಗಳಿಗೆ ಸೇರಿದ್ದು. ಅಂದರೆ, ಕಮಲಾಪುರ ಸೀಮೆಯ ಹೊಲದ ಜಗಳವು ಕಲಬುರಗಿಗೆ ಹೋಗಿ, ಅಲ್ಲಿ ವರ್ಷಗಳನ್ನು ಕಳೆದು, ಕಡೆಗೆ ಸರಪಳಿ ಹಿಡಿದ ಅಳತೆಗಾರನನ್ನು ಹುಡುಕಿಕೊಂಡು ಕಂದಾಯ ಕಚೇರಿಗೇ ಮರಳುತ್ತದೆ! ನಡುವೆ ಮೊದಲ ಅಪೀಲು; ಆಮೇಲೆ ಉಚ್ಚ ನ್ಯಾಯಾಲಯದಲ್ಲಿ ಎರಡನೆಯ ಅಪೀಲು. ಈ ಎರಡನೆಯದಾದರೋ ಕಾನೂನಿನ ಮಹತ್ವದ ಪ್ರಶ್ನೆಯೊಂದು ಇದ್ದರೆ ಮಾತ್ರ ನಿಲ್ಲುವಂಥದು. ಬದು ಎಲ್ಲಿತ್ತು ಎಂಬ ಪ್ರಶ್ನೆ ಅಲ್ಲಿ ಸಾಮಾನ್ಯವಾಗಿ ಮತ್ತೆ ಏಳುವುದೇ ಇಲ್ಲ.

ಪ್ರಾಥಮಿಕ ಡಿಕ್ರಿಯಾದ ಬಳಿಕ ಕಕ್ಷಿದಾರನು ಬೇರೆ ಅರ್ಜಿ ಹಾಕಲೆಂದು ಕಾಯದೆ, ನ್ಯಾಯಾಲಯಗಳು ತಾವಾಗಿಯೇ ಅಂತಿಮ ಡಿಕ್ರಿಯ ಕೆಲಸಕ್ಕೆ ತೊಡಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಜೂನ್ ತಿಂಗಳಲ್ಲಿ ಆದೇಶಿಸಿತು. ಒಳ್ಳೆಯ ಆದೇಶ. ಆದರೆ ಅದು ಬರುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ದಾವೆ ಹೂಡಿದವನ ಮೊಮ್ಮಕ್ಕಳು ವಕಾಲತ್ತಿಗೆ ಸಹಿ ಹಾಕುತ್ತಿದ್ದರೋ! ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಅವರು ಕಚೇರಿಯನ್ನು ಬಲ್ಲವರಾಗಿದ್ದರು.

ಇದಕ್ಕೆ ನ್ಯಾಯಾಧೀಶರೊಬ್ಬರನ್ನೇ ಹೊಣೆ ಮಾಡುವುದು ಅನ್ಯಾಯವಾದೀತು. ದೇಶದ ನ್ಯಾಯಾಲಯಗಳಲ್ಲಿ ಬಾಕಿಯಿರುವ ಮೊಕದ್ದಮೆಗಳು ಐದು ಕೋಟಿಯನ್ನು ದಾಟಿವೆಯೆಂದು 2023ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರಾದರೂ ಬೇಕೆಂದು ಕಾನೂನು ಆಯೋಗವು 1987ರಲ್ಲಿಯೇ ಹೇಳಿತ್ತು. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ, ಐದು ವರ್ಷಗಳೊಳಗೆ ಆ ಸಂಖ್ಯೆಯನ್ನು ಮುಟ್ಟಬೇಕೆಂದಿತು. ಎರಡು ದಶಕಗಳು ಉರುಳಿದ ಮೇಲೂ ಸರ್ಕಾರದ ಲೆಕ್ಕ 21ರ ಆಸುಪಾಸಿನಲ್ಲಿಯೇ ನಿಂತಿತ್ತು. ಚುನಾವಣೆಯ ಹೊತ್ತಿನಲ್ಲಿ ನಮ್ಮೂರಿಗೆ ಬಂದು ರಸ್ತೆ, ನೀರು, ಭವನಗಳ ಭರವಸೆ ಕೊಡುವವರಲ್ಲಿ ಯಾರಾದರೂ, "ನಿಮ್ಮ ಸೀಮೆಗೆ ಇನ್ನಿಬ್ಬರು ನ್ಯಾಯಾಧೀಶರನ್ನು ತರುತ್ತೇನೆ" ಎಂದು ಹೇಳಿದ್ದನ್ನು ನೀವು ಕೇಳಿರುವಿರಾ? ಹಳ್ಳಿಗಳ ಬಾಗಿಲಿಗೆ ನ್ಯಾಯವನ್ನು ಒಯ್ಯಲೆಂದು ಗ್ರಾಮ ನ್ಯಾಯಾಲಯಗಳ ಕಾಯ್ದೆಯೊಂದು 2008ರಲ್ಲಿ ಆಯಿತು, 2009ರ ಗಾಂಧೀ ಜಯಂತಿಯಂದು ಜಾರಿಗೂ ಬಂದಿತು. ಸ್ಥಾಪಿಸುವ ಹೊಣೆಯನ್ನು ರಾಜ್ಯಗಳಿಗೆ ಬಿಟ್ಟದ್ದರಿಂದ ಅದು ಬಹುಪಾಲು ಕಾಗದದಲ್ಲಿಯೇ ಉಳಿಯಿತು.

ಇನ್ನು ಮುಂದೂಡಿಕೆ. ಒಂದು ದಾವೆಯ ವಿಚಾರಣೆಯಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದೆಂಬ ನಿಯಮ 2002ರಿಂದ ಸಂಹಿತೆಯಲ್ಲಿದೆ. ಅದನ್ನು ಬಲ್ಲವರು ನಗುತ್ತಾರೆ. ಬಲ್ಲದವರು ಬಸ್ಸಿನ ಖರ್ಚು ಕೊಡುತ್ತಾರೆ. ವಕೀಲರಿಗೆ ಮುಷ್ಕರ ಹೂಡುವ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಅದೇ 2002ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಕಲಾಪ ಬಹಿಷ್ಕಾರದ ದಿನ ಕೋರ್ಟಿನ ಆವರಣದ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತ ಮುದುಕನಿಗೆ ಆ ತೀರ್ಪನ್ನು ಓದಿ ಹೇಳುವವರು ಯಾರು? ಓದಿ ಹೇಳಿದರೂ ಅದು ಇರುವುದು ಇಂಗ್ಲಿಷಿನಲ್ಲಿ. ಸಂವಿಧಾನದ 348ನೆಯ ವಿಧಿಯಂತೆ ಉಚ್ಚ ನ್ಯಾಯಾಲಯದ ಭಾಷೆ ಮೂಲತಃ ಇಂಗ್ಲಿಷು; ರಾಷ್ಟ್ರಪತಿಗಳ ಪೂರ್ವಸಮ್ಮತಿ ಪಡೆದು ರಾಜ್ಯಪಾಲರು ನಾಡಿನ ಭಾಷೆಗೂ ಕಲಾಪಗಳಲ್ಲಿ ಅವಕಾಶ ಕೊಡಬಹುದೆಂದು ಅದೇ ವಿಧಿ ಹೇಳುತ್ತದೆ. ಅಜ್ಜನು ಉರ್ದುವಿನ ಮುಂದೆ ಕೈಮುಗಿದು ನಿಂತಿದ್ದ. ಮೊಮ್ಮಗನು ಇಂಗ್ಲಿಷಿನ ಮುಂದೆ ನಿಂತಿದ್ದಾನೆ. ಪೀಠವು ಕನ್ನಡದ ನೆಲಕ್ಕೆ ಬಂದಿತು. ತೀರ್ಪು ಕನ್ನಡದ ಕಿವಿಗೆ ಇನ್ನೂ ಬರಬೇಕಾಗಿದೆ.

ಈಗ ರಾಜಕಾರಣದ ಮಾತಿಗೆ ಬರೋಣ. 2018ರ ಮೇ 16 ಮತ್ತು 17ರ ನಡುವಿನ ಇರುಳನ್ನು ನೆನಪಿಗೆ ತಂದುಕೊಳ್ಳಿರಿ. ನಮ್ಮ ರಾಜ್ಯದಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದೆ, ಸರ್ಕಾರ ರಚಿಸಲು ರಾಜ್ಯಪಾಲರು ಯಾರನ್ನು ಕರೆಯಬೇಕಾಗಿತ್ತೆಂಬ ವಿವಾದವು ದೆಹಲಿಗೆ ಹೋಯಿತು. ನಡುರಾತ್ರಿ ಕಳೆದ ಮೇಲೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತೆರೆಯಿತು. ಬೆಳಗಿನ ಜಾವದವರೆಗೆ ಮೂವರು ನ್ಯಾಯಮೂರ್ತಿಗಳು ವಾದ ಕೇಳಿದರು. ನಾಡಿನ ಆಡಳಿತದ ಪ್ರಶ್ನೆ, ತುರ್ತಿನ ಸಂಗತಿ. ಅವರು ಕುಳಿತದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಆ ಇರುಳು ಕಮಲಾಪುರದ ರೈತನಿಗೆ ಒಂದು ಪಾಠವನ್ನು ಕಲಿಸಿತು. ಬಾಗಿಲು ತಟ್ಟುವ ಕೈ ದೊಡ್ಡದಾದರೆ ರಾತ್ರಿ ಎರಡು ಗಂಟೆಗೂ ಅದು ತೆರೆಯುತ್ತದೆ. ಕೈ ಚಿಕ್ಕದಾದರೆ ಹಗಲು ಹನ್ನೊಂದಕ್ಕೂ ತಾರೀಖು ಸಿಗುತ್ತದೆ.

ಇದಕ್ಕೂ ಹಿಂದಿನ ಮಾತೊಂದುಂಟು. 1989ರ ಏಪ್ರಿಲ್ 21ರಂದು ಬೊಮ್ಮಾಯಿಯವರ ಮಂತ್ರಿಮಂಡಲವನ್ನು ವಜಾ ಮಾಡಿ ರಾಷ್ಟ್ರಪತಿ ಆಳಿಕೆಯನ್ನು ಹೇರಲಾಯಿತು. ವಿಧಾನಸಭೆಯಲ್ಲಿಯೇ ಬಹುಮತವನ್ನು ಪರೀಕ್ಷಿಸಿರೆಂದು ಅವರು ಕೇಳಿದ್ದು ಕಿವಿಗೆ ಬೀಳಲಿಲ್ಲ. ಅವರ ಕಡೆಗೆ ನ್ಯಾಯವಿತ್ತೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ರಂದು. ಅಷ್ಟರೊಳಗೆ 1989ರ ನವೆಂಬರಿನಲ್ಲಿಯೇ ಚುನಾವಣೆ ನಡೆದು ಬೇರೆ ಸರ್ಕಾರ ಬಂದಾಗಿತ್ತು. ಆ ತೀರ್ಪು ಮುಂದಿನ ಅದೆಷ್ಟೋ ಸರ್ಕಾರಗಳನ್ನು ಕಾಪಾಡಿತು. ಆದರೆ ಯಾರು ನೊಂದು ಬಾಗಿಲು ತಟ್ಟಿದರೋ ಅವರ ಕೈಗೆ ಅದು ಏನನ್ನೂ ಮರಳಿಸಲಿಲ್ಲ. ಮುಖ್ಯಮಂತ್ರಿಯಾಗಿದ್ದವರಿಗೇ ಈ ಗತಿಯಾದರೆ ಮೂರು ಎಕರೆಯ ಒಡೆಯನ ಪಾಡೇನು?

ಮೂರನೆಯದು 2019ರ ಸಂಗತಿ. ಗೆದ್ದ ಪಕ್ಷಕ್ಕೆ ಬೆನ್ನು ತೋರಿದ ಹದಿನೇಳು ಶಾಸಕರನ್ನು ಅಂದಿನ ಸಭಾಧ್ಯಕ್ಷರು ಜುಲೈ ತಿಂಗಳಲ್ಲಿ ಅನರ್ಹಗೊಳಿಸಿದರು. ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲಬಾರದೆಂಬ ಸಭಾಧ್ಯಕ್ಷರ ಮಾತನ್ನು ಒಪ್ಪಲಿಲ್ಲ. ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆಯಾಯಿತು. ಅನರ್ಹರೆನಿಸಿಕೊಂಡವರಲ್ಲಿ ಹಲವರು ಗೆದ್ದು ಬಂದು ಮಂತ್ರಿಗಳೂ ಆದರು. ಯಾವ ಪಕ್ಷದವರು ಎಂದು ಇಲ್ಲಿ ಎಣಿಸುವುದು ಬೇಡ. ಪಕ್ಷಾಂತರದ ಕೆಸರು ಮೆತ್ತದ ಪಕ್ಷವೊಂದನ್ನು ಯಾರಾದರೂ ತೋರಿಸಿದರೆ ಅದನ್ನು ಹೊಗಳಿ ಬರೆಯಲು ನಾನು ಸಿದ್ಧ. ಪಕ್ಷಾಂತರ ನಿಷೇಧದ ಕಾನೂನು 1985ರಿಂದಲೂ ಇದೆ. ಕಾನೂನು ಇದ್ದೂ ನಾಚಿಕೆ ಇಲ್ಲದಿದ್ದರೆ ನ್ಯಾಯಾಲಯ ಏನು ಮಾಡೀತು? ಮತದಾರನಿಗೆ ಕೊಟ್ಟ ಮಾತನ್ನು ಮುರಿಯುವುದು ಅಪರಾಧವೋ ಅಲ್ಲವೋ ಎಂದು ನ್ಯಾಯಮೂರ್ತಿಗಳು ಕುಳಿತು ನಿರ್ಣಯಿಸಬೇಕಾಗಿ ಬಂದ ದಿನವೇ ಆ ಮಾತು ಸತ್ತುಹೋಯಿತು.

ರಾಜಕಾರಣಿಯನ್ನು ಬಯ್ದು ಲೇಖನಿಯನ್ನು ಕೆಳಗಿಟ್ಟರೆ ನಿಮಗೂ ಹಿತ, ನನಗೂ ಹಿತ. ಆದರೆ ಸದ್ಭಕ್ತರೇ, ಮಾತು ಮುರಿದು ಕೋರ್ಟಿನ ಮರೆಯಲ್ಲಿ ನಿಲ್ಲುವ ವಿದ್ಯೆಯನ್ನು ಆತನು ಎಲ್ಲಿ ಕಲಿತನು? ನಮ್ಮ ಮನೆಗಳಲ್ಲಿಯೇ ಅಲ್ಲವೇ?

ನಮ್ಮ ಉತ್ತರ ಕರ್ನಾಟಕದ ಪಂಚಮಿ ಹಬ್ಬವನ್ನು ನೆನೆಯಿರಿ. ಅಣ್ಣನು ತಂಗಿಯ ಊರಿಗೆ ಹೋಗಿ ಕರೆತರುತ್ತಾನೆ. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾನೆ. ತಾಯಿ ಉಂಡಿ ಕಟ್ಟಿ ಕೊಡುತ್ತಾಳೆ. ಹೊರಡುವಾಗ ಉಡಿ ತುಂಬುತ್ತಾರೆ. ಇಂಥ ಪವಿತ್ರ ಸಂಪ್ರದಾಯವನ್ನು ನಾವು ಇಂದು ಏನು ಮಾಡಿದ್ದೇವೆ? ಉಡಿ ತುಂಬಿದ ಕೈಯೇ ಹಕ್ಕುಬಿಡುಗಡೆಯ ಪತ್ರವನ್ನು ಮುಂದಿಟ್ಟು, "ಇಲ್ಲೊಂದು ಸಹಿ ಹಾಕವ್ವ" ಎನ್ನುತ್ತದೆ. ಸಹಿ ಹಾಕಿದರೆ ತವರು ಉಂಟು. ಹಾಕದಿದ್ದರೆ ಮುಂದಿನ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ. ಅವಳು ನಾಲ್ಕು ವರ್ಷ ಕಾಯುತ್ತಾಳೆ, ಐದನೆಯ ವರ್ಷ ದಾವೆ ಹೂಡುತ್ತಾಳೆ. ಆಗ ನಾವು, "ಹೆಣ್ಣುಮಕ್ಕಳಿಗೆ ಕಾಯ್ದೆ ಕೊಟ್ಟು ಮನೆತನ ಒಡೆದರು" ಎಂದು ಕಟ್ಟೆಯ ಮೇಲೆ ಕುಳಿತು ನಿಟ್ಟುಸಿರು ಬಿಡುತ್ತೇವೆ.

ಮನೆತನವನ್ನು ಒಡೆದದ್ದು ಕಾಯ್ದೆಯಲ್ಲ. ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನ ಸಮಾನ ಪಾಲೆಂಬ ಕಾಯ್ದೆಯನ್ನು ಕರ್ನಾಟಕವು ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ, 1994ರಲ್ಲಿ ಮಾಡಿತು. ಅದರಲ್ಲಿ ಆಗಲೇ ಮದುವೆಯಾದವರಿಗೆ ಪಾಲಿರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ನಿರ್ಣಯಿಸಿತು. ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಶರಣರು ಹನ್ನೆರಡನೆಯ ಶತಮಾನದಲ್ಲಿ ನಡೆದು ತೋರಿದ್ದನ್ನು ನಾವು ಪ್ರತಿವರ್ಷ ಬಸವ ಜಯಂತಿಯ ವೇದಿಕೆಯಿಂದ ಸಾರುತ್ತೇವೆ. ವೇದಿಕೆಯಿಂದ ಇಳಿದು ಮನೆಗೆ ಬಂದೊಡನೆ ಆ ಮಾತು ಪಹಣಿಯ ಕಾಲಮ್ಮಿನವರೆಗೆ ತಲುಪುವುದಿಲ್ಲವೇಕೆ? ಸರ್ಕಾರ ಬಲವಂತ ಮಾಡಿದ ಮೇಲೆ ಕೊಡುವುದು ದಂಡ. ಕೇಳುವ ಮೊದಲೇ ಕೊಡುವುದು ಧರ್ಮ. ಪೂರ್ವಾಚಾರದಲ್ಲಿ ಶ್ರದ್ಧೆಯುಳ್ಳವರೆಂದು ಹೇಳಿಕೊಳ್ಳುವ ನಾವು ಈ ಎರಡರಲ್ಲಿ ಯಾವುದನ್ನು ಆರಿಸಿಕೊಂಡಿದ್ದೇವೆ?

ಗೃಹಸ್ಥರಿಗೆ ಹೇಳಿ ಮಠಗಳನ್ನು ಬಿಟ್ಟರೆ ಈ ಲೇಖನ ಕಪಟವಾದೀತು. ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಒಂದು ಗೌರವದ ಮಾತನ್ನು ಹೇಳಿತು: ಒಂದು ಧರ್ಮಕ್ಕೆ ಅವಶ್ಯವಾದ ಆಚರಣೆ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು, ಆಸ್ತಿಯ ಆಡಳಿತವನ್ನು ಮಾತ್ರ ಕಾನೂನು ನಿಯಂತ್ರಿಸಬಹುದು. ಮುಂದಿನ ದಶಕಗಳಲ್ಲಿ ಅವಶ್ಯ ಯಾವುದು, ಅನವಶ್ಯ ಯಾವುದು ಎಂದು ನ್ಯಾಯಾಲಯಗಳೇ ತೂಗಿ ಹೇಳತೊಡಗಿದವು. ಇದು ಅವರ ಕೆಲಸವಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಆದರೆ ಆ ತಕ್ಕಡಿಯನ್ನು ಅವರ ಕೈಗೆ ಕೊಟ್ಟವರು ಯಾರು? ಗದ್ದುಗೆಗೆ ಉತ್ತರಾಧಿಕಾರಿ ಯಾರೆಂದು, ಮಠದ ಜಮೀನು ಯಾರ ಹೆಸರಿಗೆಂದು ದಾವೆ ಹೂಡುತ್ತ ಕಟಕಟೆಯಲ್ಲಿ ನಿಂತ ಕಾವಿಗಳೇ ಅಲ್ಲವೇ? ಪೀಠವೇ ಪೀಠದ ಮುಂದೆ ವಾದಿಯಾಗಿ ನಿಂತ ಮೇಲೆ, ಭಕ್ತನಿಗೆ "ಅಣ್ಣತಮ್ಮಂದಿರು ಹೊಂದಿಕೊಂಡು ಬಾಳಿರಿ" ಎಂದು ಆಶೀರ್ವದಿಸುವ ಅಧಿಕಾರ ಯಾವ ಬಾಯಿಗೆ ಉಳಿಯುತ್ತದೆ?

ಇಲ್ಲಿ ಒಬ್ಬ ಓದುಗನು ಎದ್ದು ಕೇಳಬಹುದು: "ಹಾಗಾದರೆ ಹಳೆಯ ಪಂಚಾಯತಿಯ ಕಟ್ಟೆಗೆ ಮರಳಬೇಕೆನ್ನುವಿರಾ? ಆ ಕಟ್ಟೆಯ ಮೇಲೆ ಕುಳಿತವರು ಯಾರು, ಕೆಳಗೆ ನಿಂತವರು ಯಾರು ಎಂಬುದು ನಿಮಗೆ ನೆನಪಿಲ್ಲವೇ?" ನೆನಪಿದೆ. ಕಟ್ಟೆಯ ಮೇಲೆ ಗೌಡನಿದ್ದ, ಶೆಟ್ಟಿಯಿದ್ದ, ಜಂಗಮನಿದ್ದ. ಹೆಣ್ಣುಮಗಳಿಗೆ ಅಲ್ಲಿ ಬಾಯಿಯಿರಲಿಲ್ಲ, ಹೊಲಗೇರಿಯವನಿಗೆ ನೆರಳಿರಲಿಲ್ಲ. ದಂಡ, ಬಹಿಷ್ಕಾರ, ತಲೆ ತಗ್ಗಿಸಿ ತಪ್ಪೊಪ್ಪಿಸುವುದು, ಎಲ್ಲವೂ ಇದ್ದವು. ಆ ಕಟ್ಟೆ ನ್ಯಾಯ ಮಾಡಲಿಲ್ಲವಾದ್ದರಿಂದಲೇ ಜನ ಕೋರ್ಟಿನ ಮೆಟ್ಟಿಲು ಹತ್ತಿದರು, ಹತ್ತಿದ್ದು ಸರಿಯೇ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮಾಡಿಕೊಂಡ ಮದುವೆಗೆ ಅಡ್ಡ ಬರುವ ಅಧಿಕಾರ ಯಾವ ಕಟ್ಟೆಗೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 27ರಂದು ಸಾರಿತು. ಅದು ನಮ್ಮಂಥ ಹಿರಿಯರ ಮುಖಕ್ಕೆ ಹೇಳಿದ ಮಾತು, ನಾವು ಕೇಳಿಸಿಕೊಳ್ಳಬೇಕು. ಹೆಣ್ಣಿನ ಮೇಲೆ ಕೈಮಾಡಿದವನನ್ನು, ಜಾತಿಯ ಹೆಸರಿನಲ್ಲಿ ಹೀಯಾಳಿಸಿದವನನ್ನು, ವರದಕ್ಷಿಣೆಗೆ ಸೊಸೆಯನ್ನು ಪೀಡಿಸಿದವನನ್ನು "ರಾಜಿ" ಎಂದು ಕಟ್ಟೆಯ ಮೇಲೆ ಕೂರಿಸಿಕೊಳ್ಳುವುದು ಪಾಪ. ಅವರ ಜಾಗ ನ್ಯಾಯಾಲಯದ ಕಟಕಟೆ. ಅಲ್ಲಿಗೇ ಅವರನ್ನು ಕಳುಹಿಸಬೇಕು. ನಾನು ಹೇಳುತ್ತಿರುವುದು ಬದುವಿನ ಜಗಳ, ಪಾಲಿನ ಜಗಳ, ಸಾಲದ ಲೆಕ್ಕ, ದಾರಿಯ ಹಕ್ಕು, ಇಂಥವುಗಳನ್ನು ಕುರಿತು.

ಇವುಗಳಿಗೆ ದಾರಿ ಇಲ್ಲವೇ? ಉಂಟು, ಅದನ್ನು ಕಾನೂನೇ ತೋರಿಸಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯು 1995ರ ನವೆಂಬರ್ 9ರಂದು ಜಾರಿಗೆ ಬಂದು ಲೋಕ ಅದಾಲತ್ತಿಗೆ ಶಾಸನದ ಬಲ ಕೊಟ್ಟಿತು. ಅಲ್ಲಿ ಉಭಯ ಪಕ್ಷಗಳು ಒಪ್ಪಿ ಮಾಡಿಕೊಂಡ ರಾಜಿಯು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳಿ ಕೈಸೇರುತ್ತದೆ. ನಡೆಯುತ್ತಿರುವ ದಾವೆಯನ್ನು ರಾಜಿಗೆ ಒಪ್ಪಿಸಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಪ್ರಕರಣ ಹೇಳುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ವಕೀಲರ ನೆರವು ಉಚಿತವಾಗಿ ದೊರೆಯಬೇಕೆಂದು ಆ 1987ರ ಕಾಯ್ದೆಯೇ ವಿಧಿಸಿದೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಮಧ್ಯಸ್ಥಿಕೆಯ ಕಾಯ್ದೆಯಲ್ಲಿ ಊರಿನ ನೆಮ್ಮದಿ ಕದಡುವ ವ್ಯಾಜ್ಯಗಳನ್ನು ಉಭಯರ ಒಪ್ಪಿಗೆಯಿಂದ ಊರಿನವರ ನಡುವೆಯೇ ಬಗೆಹರಿಸಲು ಬೇರೊಂದು ಅಧ್ಯಾಯವೇ ಇದೆ. ದಾರಿ ಸಿದ್ಧವಾಗಿದೆ, ನಡೆಯುವ ಮನಸ್ಸು ಮಾತ್ರ ಬೇಕು.

ಆದ್ದರಿಂದ ಮಠದ ಅಂಗಳವು ಈ ಕೆಲಸಕ್ಕೆ ಮತ್ತೆ ತೆರೆಯಲಿ. ಆದರೆ ಹಳೆಯ ಕಟ್ಟೆಯ ಹೊಲಸನ್ನು ತೊಳೆದು ತೆರೆಯಲಿ. ಅಲ್ಲಿ ಕುಳಿತುಕೊಳ್ಳುವವರಲ್ಲಿ ಹೆಣ್ಣುಮಗಳೊಬ್ಬಳು ಕಡ್ಡಾಯವಾಗಿ ಇರಲಿ. ವ್ಯಾಜ್ಯದ ಎರಡೂ ಕಡೆಯವರು ತಾವಾಗಿ ಒಪ್ಪಿ ಬಂದಿರಲಿ. ದಂಡವಿಲ್ಲ, ಬಹಿಷ್ಕಾರವಿಲ್ಲ, ಯಾರ ಜಾತಿಯನ್ನೂ ಕೇಳುವುದಿಲ್ಲ ಎಂಬುದು ಬಾಗಿಲಲ್ಲಿಯೇ ತಿಳಿದಿರಲಿ. ಒಪ್ಪಿಗೆಯಾದ ಮಾತು ಬಾಯಿಮಾತಾಗಿ ಉಳಿಯದಿರಲಿ. ಪಾಲಾದರೆ ನೋಂದಣಿ ಕಚೇರಿಗೆ, ದಾವೆ ನಡೆಯುತ್ತಿದ್ದರೆ ಲೋಕ ಅದಾಲತ್ತಿಗೆ, ಬದುವಾದರೆ ಹದ್ದುಬಸ್ತಿಗೆ ಹೋಗಿ ದಾಖಲೆಯಾಗಲಿ. ಒಪ್ಪಿಗೆಯಾಗದಿದ್ದರೆ ಕೋರ್ಟಿಗೆ ಹೋಗುವವನನ್ನು ಯಾರೂ ಹೀಯಾಳಿಸದಿರಲಿ. ಇಷ್ಟು ಮಾಡಲಾಗದಿದ್ದರೆ ಆ ಕಟ್ಟೆ ಮುಚ್ಚಿರುವುದೇ ಲೇಸು.

ಹಳೆಯ ವಿದ್ಯಾರ್ಥಿ ಬಂಧುಗಳೇ, ನಿಮ್ಮಲ್ಲ್ಲಿ ವಕೀಲರಿದ್ದೀರಿ, ಕಂದಾಯ ಅಧಿಕಾರಿಗಳಿದ್ದೀರಿ, ಅಳತೆಗಾರರಿದ್ದೀರಿ, ರಾಜಕಾರಣದಲ್ಲಿರುವವರೂ ಉಂಟು. ಮನೆಮನೆಯಿಂದ ಬಂದ ಜೋಳ, ಬೇಳೆಗಳಿಂದ ನಿಮ್ಮ ಊಟದ ಸಾಲು ನಡೆಯಿತು. ಆ ಜೋಳವನ್ನು ಕೊಟ್ಟವರೇ ಇಂದು ಚೀಲ ಹಿಡಿದು ನಿಮ್ಮ ಮೇಜಿನ ಮುಂದೆ ನಿಂತಿದ್ದಾರೆ. ವಕೀಲರಾದವರು, ರಾಜಿಯಾಗುವ ವ್ಯಾಜ್ಯವನ್ನು ದಾವೆ ಮಾಡೆಂದು ಹೇಳದಿರಿ. ಅನಗತ್ಯವಾಗಿ ಒಂದು ತಾರೀಖನ್ನೂ ಕೇಳದಿರಿ. ಅಧಿಕಾರಿಗಳಾದವರು, ಪೋಡಿಯ ಕಡತವನ್ನು ಮೇಜಿನ ಕೆಳಗೆ ಮಲಗಿಸದಿರಿ. ಅಳತೆ ತಡವಾದ ಹೊಲದಲ್ಲಿ ಮೊದಲು ಬೆಳೆಯುವುದು ಜಗಳ. ರಾಜಕಾರಣಿಗಳಾದವರು, ಕೊಟ್ಟ ಮಾತಿಗೆ ನಿಲ್ಲಿರಿ. ನಿಲ್ಲಲಾಗದಿದ್ದರೆ ಮಾತು ಕೊಡದಿರಿ. ಕಾಯಕವೆಂದರೆ ಇದೇ. ಇದಕ್ಕೆ ಬೇರೆ ಪ್ರವಚನ ಬೇಕಾಗಿಲ್ಲ.

ಕಲಬುರಗಿಯ ನೆಲವನ್ನು ಪಾವನಗೊಳಿಸಿದ ಶರಣಬಸವೇಶ್ವರರು ಅರಳಗುಂಡಗಿಯ ಒಕ್ಕಲಿಗರು. ಮನೆ ಹೊಲಗಳನ್ನು ಬಿಟ್ಟು ಬಂದ ಅವರು ಇಲ್ಲಿ ಕಟ್ಟಿದ್ದು ದಾಸೋಹವನ್ನು. ಬಿಟ್ಟುಕೊಟ್ಟವನ ಹೆಸರಿನಲ್ಲಿ ಇಂದಿಗೂ ಜಾತ್ರೆ ನಡೆಯುತ್ತದೆ, ಲಕ್ಷಾಂತರ ಜನ ತೇರಿಗೆ ಕೈಮುಗಿಯುತ್ತಾರೆ. ಒಂದು ಗುಂಟೆಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆದವನ ಹೆಸರಿನಲ್ಲಿ ಯಾವ ಊರಲ್ಲಿ ಯಾವ ತೇರು ಎಳೆದಿದ್ದಾರೆ? ಆ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆದು ಮನೆಗೆ ಮರಳುವ ನಾವು, ತಮ್ಮನ ಹೊಲದ ಬದುವನ್ನು ಒಂದು ಗೇಣು ಒಳಗೆ ಒತ್ತಿ ನೇಗಿಲು ಹೂಡಿದರೆ, ಆ ಹಣ್ಣು ಯಾರಿಗೆ ಸಂದಿತು?

ನಿಮ್ಮಲ್ಲಿ ಯಾರ ಮನೆಯಲ್ಲಿ ಇಂಥ ದಾವೆಯೊಂದು ನಡೆಯುತ್ತಿದೆಯೋ ಅವರಿಗೆ ನನ್ನದೊಂದು ವಿನಂತಿ. ಬರುವ ಪಂಚಮಿಗೆ ತಂಗಿಯನ್ನು ಕರೆಯಲು ಹೋಗಿರಿ. ಉಡಿ ತುಂಬುವಾಗ ಹಕ್ಕುಬಿಡುಗಡೆಯ ಕಾಗದವನ್ನು ಹೊರಗೆ ತೆಗೆಯಬೇಡಿರಿ. ಅವಳ ಪಾಲು ಎಷ್ಟೆಂದು ನೀವಾಗಿಯೇ ಹೇಳಿರಿ. ಬೇಕೋ ಬೇಡವೋ ಎಂಬುದನ್ನು ಅವಳು ನಿರ್ಣಯಿಸಲಿ. ತಮ್ಮನ ಮನೆಯ ಹೊಸ್ತಿಲು ನ್ಯಾಯಾಲಯದ ಮೆಟ್ಟಿಲಿಗಿಂತ ಹತ್ತಿರ. ಬಸ್ಸು ಬೇಕಾಗಿಲ್ಲ, ವಕಾಲತ್ತು ಬೇಕಾಗಿಲ್ಲ, ತಾರೀಖಿಗೆ ಕಾಯಬೇಕಾಗಿಲ್ಲ. ಹಿರಿಯನಾದವನು ಮೊದಲು ಹೋದರೆ ಸಣ್ಣವನಾಗುವುದಿಲ್ಲ.

ಮುಂದಿನ ಸೋಮವಾರವೂ ಕಮಲಾಪುರದಿಂದ ಬಸ್ಸು ಹೊರಡುತ್ತದೆ. ಅದರಲ್ಲಿ ಚೀಲ ಹಿಡಿದ ಆ ಹಿರಿಯನು ಇರಲಿ. ಚೀಲದಲ್ಲಿ ಬಾಳೆಯ ಹಣ್ಣಿರಲಿ, ಪಕ್ಕದಲ್ಲಿ ತಮ್ಮನಿರಲಿ. ಇಷ್ಟು ಸಾಧಿಸಲು ಯಾವ ಪೀಠದ ಅಪ್ಪಣೆಯೂ ಬೇಕಾಗಿಲ್ಲ.